ನಾಲ್ಕನೇ ಜ್ವರದ ದಿನ ಬಿಡದಿಗೆ ಹೋಗಿ ಬಂದದ್ದು

ಹುಳ ಜ್ವರಕ್ಕೆ ಕೂತ ಮಾರನೇ ದಿನ ಬೆಳಿಗ್ಗೆ ಐದೂವರೆಗೆ ನಾನು ಮನೆ ಬಿಟ್ಟೆ. ರೇಷ್ಮೆ ಸಾಕದವರಿಗಾಗಿ ಇದನ್ನು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ರೇಷ್ಮೆಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತು ಪೊರೆ ಕಳಚುತ್ತದೆ. ಅದನ್ನೇ ನಾವು ಜ್ವರ ಎನ್ನುತ್ತೇವೆ. ನಾಲ್ಕನೆಯದು ಕೊನೆಯದು. ಒಂದು ರಾತ್ರಿ, ಒಂದು ಹಗಲು ಕಳೆದರೆ ಮುಗಿಯಿತು. ಆಮೇಲೆ ಎದ್ದವೆಂದರೆ ವಾರವಿಡೀ ಸೊಪ್ಪು ತಂದು ಹಾಕಿ ಹಾಕಿ ನಮ್ಮ ಸೊಂಟ ಬಿದ್ದುಹೋಗಬೇಕು, ಅಂಥ ಹಸಿವು! ಹಾಗಾಗಿ ಒಂದು ಬೆಳೆಯಲ್ಲಿ ಮನೆಯ ಹೆಂಗಸಿಗೆ ಪುರುಸೊತ್ತು ಸಿಗುವುದು ಈ ಒಂದು ಹಗಲು ಮಾತ್ರ. ನನ್ನ ಅದೃಷ್ಟ ನೋಡಿ, ಇಂಟರ್‌ವ್ಯೂಗೆ ಕರೆದದ್ದೂ ಅದೇ ದಿನಕ್ಕೆ.

ಕಾಗದ ಬಂದದ್ದು ಬಿಡದಿಯಿಂದ. ಅಲ್ಲಿ ಕಾರು ಮಾಡುವ ದೊಡ್ಡ ಕಾರ್ಖಾನೆ ಬಂದ ಮೇಲೆ ಅದರ ಸುತ್ತಮುತ್ತ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಗಳು ಮಳೆ ಬಿದ್ದ ಮೇಲೆ ನಾಯಿಕೊಡೆ ಎದ್ದ ಹಾಗೆ ಎದ್ದಿದ್ದವು. ನನ್ನನ್ನು ಕರೆದದ್ದು ಕಾರಿನ ಒಳಗಿನ ವೈರುಗಳನ್ನು ಜೋಡಿಸಿ ಕಟ್ಟುವ ಒಂದು ಕಡೆ. ಹೆಂಗಸರೇ ಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಇಪ್ಪತ್ತಾರು ತುಂಬಿರಬಾರದು, ಶೂ ಹಾಕಿಕೊಂಡು ಬರಬೇಕು ಎಂದು ಬರೆದಿತ್ತು. ನನಗೆ ಮುಂದಿನ ತಿಂಗಳಿಗೆ ಇಪ್ಪತ್ತಾರು ತುಂಬುತ್ತಿತ್ತು. ಅಂದರೆ ಇದು ತಪ್ಪಿದರೆ ಮತ್ತೊಂದಿಲ್ಲ. ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು ನಾನು. ಆ ಅಂಕಪಟ್ಟಿ ಹತ್ತು ವರ್ಷದಿಂದ ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಮಲಗಿತ್ತು, ಒಬ್ಬರೂ 'ತೋರಿಸು' ಅಂದವರಿಲ್ಲ. ಈಗ ಯಾರೋ ಕಾಗದ ಹಾಕಿ, ಅದನ್ನು ತಾ ಎಂದು ಕೇಳಿದ್ದರು. ನನಗೆ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ.

ಶೂ ನಮ್ಮ ಮನೆಯಲ್ಲಿ ಎಲ್ಲಿ ಬರಬೇಕು? ನಾದಿನಿ ಹೈಸ್ಕೂಲಿನಲ್ಲಿ ಡ್ರಿಲ್ಲಿಗೆ ಹಾಕುತ್ತಿದ್ದ ಬಿಳಿ ಕ್ಯಾನ್ವಾಸ್ ಶೂ ಅಟ್ಟದ ಮೇಲಿತ್ತು. ಕಾಲು ತುರುಕಿದೆ. ಹೆಬ್ಬೆರಳು ಮಡಿಸಿಕೊಂಡರೆ ಹಿಡಿಯುತ್ತಿತ್ತು. ನಮ್ಮೆಜಮಾನರು ಮೊಪೆಡ್ಡಿನಲ್ಲಿ ಟಾರು ರಸ್ತೆಯವರೆಗೆ ಬಿಟ್ಟರು. "ಉಳದ ಚಿಂತೆ ಬುಡು, ಅವ್ವ ಅವ್ಳೆ, ನಾನಿವ್ನಿ. ರಾತ್ರಿ ಊಟದೊತ್ಗೆ ಏಳ್ತವೆ, ಅಷ್ಟೊತ್ಗೆ ಬಂದ್ಬುಡು. ಅಲ್ಲೋಗಿ ಮಾತ್ರ ಬಾಯ್ ಮುಚ್ಕೊಂಡು ಕುಂತ್ಕಬ್ಯಾಡ" ಎಂದರು. ನಾನು ಬಾಯಿ ಮುಚ್ಚಿಕೊಂಡು ಕೂತದ್ದನ್ನು ಇವರು ಯಾವ ಕಾಲದಲ್ಲಿ ಕಂಡಿದ್ದರೋ ಕಾಣೆ!

ಮಾಗಡಿ ಬಸ್‌ಸ್ಟ್ಯಾಂಡಿನಲ್ಲಿ ಭಾಗ್ಯ ಕಾಯುತ್ತಿದ್ದಳು. ಪಕ್ಕದ ಹಳ್ಳಿಯ ಹುಡುಗಿ, ಇಪ್ಪತ್ತು ವರ್ಷ, ಅವಳಿಗೂ ಕಾಗದ ಬಂದಿತ್ತು. ಅವಳ ಅಪ್ಪ ನನ್ನನ್ನು ಸಂತೆಯಲ್ಲಿ ಕಂಡು, "ನಿನ್ನ ನಂಬ್ಕೊಂಡೇ ಕಳುಸ್ತಾ ಇವ್ನಿ ಕಣವ್ವ ಸಾವಿತ್ರಿ" ಎಂದಿದ್ದರು. ಹುಡುಗಿ ಹೆದರಿ ಬಿಳಿಚಿಕೊಂಡಿದ್ದಳು. "ಅಕ್ಕ, ನಂಗೇನೂ ಗೊತ್ತಾಗಕಿಲ್ಲ. ನೀನೆಂಗ್ ಮಾಡ್ತೀಯೋ ನಾನೂ ಅಂಗೇ ಮಾಡ್ತೀನಿ" ಎಂದು ನನ್ನ ಸೆರಗು ಹಿಡಿದಳು. ನಾನು ದೊಡ್ಡ ಅನುಭವಸ್ಥಳ ಹಾಗೆ ತಲೆ ಆಡಿಸಿದೆ. ನಿಜ ಹೇಳಬೇಕೆಂದರೆ ಕಾರ್ಖಾನೆಯ ಗೇಟನ್ನು ನಾನೂ ಅದುವರೆಗೆ ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದ್ದೆ.

ಬಿಡದಿಗೆ ನೇರ ಹೋಗುವ ಬಸ್ಸು ಅವತ್ತೇ ಕೈಕೊಡಬೇಕೇ! "ಅದು ಕೆಟ್ಟು ನಿಂತೈತೆ ಕಣ್ರವ್ವ. ರಾಮನಗ್ರದ ಗಾಡಿ ಅತ್ಕಳಿ, ಅಲ್ಲಿಂದ ರೈಲೈತೆ" ಎಂದ ಕಂಡಕ್ಟರು. ಹತ್ತಿದೆವು. ಹದಿನಾಲ್ಕು ರೂಪಾಯಿ ಟಿಕೆಟ್ಟು, ಒಂದೂಕಾಲು ಗಂಟೆ ದಾರಿ. ಎಡಗಡೆ ಸಾವನದುರ್ಗದ ಕಲ್ಲು ಮಂಜಿನಲ್ಲಿ ಅರ್ಧ ಮುಳುಗಿತ್ತು. ಹುಟ್ಟಿದಾಗಿನಿಂದ ನೋಡಿದ ಬೆಟ್ಟವೇ, ಆದರೂ ಕೆಲಸಕ್ಕೆಂದು ಹೊರಟ ದಿನ ಅದೂ ಹೊಸದಾಗಿ ಕಂಡಿತು. ಬಸ್ಸಿನ ತುಂಬ ಟೊಮೆಟೊ ಕ್ರೇಟು, ಹಿಂದಿನ ಸೀಟಿನಲ್ಲಿ ಗೂಡಿನ ಮೂಟೆ ಇಟ್ಟುಕೊಂಡ ಇಬ್ಬರು ರೈತರು ಇವತ್ತಿನ ರೇಟು ಏನಾಗಬಹುದೆಂದು ಜಗಳವಾಡುವ ಹಾಗೆ ಮಾತಾಡುತ್ತಿದ್ದರು. ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ಭಾಗ್ಯ ಮಾತ್ರ ಅಂಕಪಟ್ಟಿಯ ಕವರನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು.

ರಾಮನಗರದಲ್ಲಿ ಇಳಿದಾಗ ನೂಲು ತೆಗೆಯಲು ಗೂಡು ಬೇಯಿಸುವ ವಾಸನೆ ಬಂತು. ಬೆಂಗಳೂರಿನವರು ಆ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾರೆ, ನಮಗೆ ಅದು ಅನ್ನ ಬೇಯುವ ವಾಸನೆಯಷ್ಟೇ ಸಹಜ. ಗೂಡಿನ ಮಾರುಕಟ್ಟೆಯ ಕಡೆಗೆ ಆಟೋಗಳು, ಗಾಡಿಗಳು ಸಾಲುಗಟ್ಟಿ ಹೋಗುತ್ತಿದ್ದವು. ನಾವು ಉಲ್ಟಾ ದಿಕ್ಕಿಗೆ, ಸ್ಟೇಷನ್ನಿಗೆ ಓಡಿದೆವು. ಟಿಕೆಟ್ಟು ನಾಲ್ಕೇ ರೂಪಾಯಿ! ಪ್ಲಾಟ್‌ಫಾರ್ಮಿನ ಮೇಲೆ ಎಷ್ಟು ಜನ ಅಂತೀರಿ! ನೀಲಿ ಅಂಗಿ, ಬೂದು ಅಂಗಿ, ಕೈಯಲ್ಲಿ ಊಟದ ಡಬ್ಬಿ, ಕೊರಳಲ್ಲಿ ಫೋಟೋ ಇದ್ದ ಕಾರ್ಡು. ನಮ್ಮೂರಿನ ಹುಡುಗರು ಗದ್ದೆ ಬದುವಿನ ಮೇಲೆ ನಡೆಯುವಾಗ ಇಲ್ಲದ ಒಂದು ಅವಸರ ಇವರ ನಡಿಗೆಯಲ್ಲಿತ್ತು. ನನ್ನ ಕೊರಳಲ್ಲೂ ಅಂಥದ್ದೊಂದು ಕಾರ್ಡು ನೇತಾಡಿದರೆ ಹೇಗಿರುತ್ತದೆ ಎಂದು ಕೈಯಿಟ್ಟು ನೋಡಿಕೊಂಡೆ. ಭಾಗ್ಯ ನೋಡಿ ನಕ್ಕಳು. ಬೆಳಗಿನಿಂದ ಅವಳು ನಕ್ಕದ್ದು ಅದೇ ಮೊದಲು.

ಮೈಸೂರು ಕಡೆಯಿಂದ ಬರುವ ರೈಲು ಇಪ್ಪತ್ತು ನಿಮಿಷ ತಡವಾಗಿ ಬಂತು. ಹೆಂಗಸರ ಡಬ್ಬಿಯಲ್ಲಿ ಕಿಟಕಿ ಪಕ್ಕ ಕೂತಿದ್ದ ಒಬ್ಬಳು ಒತ್ತಿಕೊಂಡು ಜಾಗ ಕೊಟ್ಟಳು. ನಸೀಮಾ ಅಂತ ಹೆಸರು, ಚನ್ನಪಟ್ಟಣದವಳು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಅವಳ ಉಗುರಿನ ಸಂದಿಯಲ್ಲಿ ಕೆಂಪು, ಹಳದಿ ಅರಗು ಕೂತಿತ್ತು. ಬೊಂಬೆ ಕಡೆಯುವ ಮಿಷನ್ನಿನ ಮುಂದೆ ಎಂಟು ವರ್ಷ ಕೂತವಳಂತೆ. "ಈಗ ಆರ್ಡರೇ ಇಲ್ಲ ಕಣಮ್ಮ. ಪ್ಲಾಸ್ಟಿಕ್ ಬೊಂಬೆ ಬಂದು ನಮ್ಮದನ್ನ ಕೇಳೋರೇ ಇಲ್ಲ" ಎಂದಳು. ಎಲ್ಲಿಗೆ ಹೊರಟಿದ್ದೀಯ ಎಂದರೆ ನಮ್ಮದೇ ಕಾರ್ಖಾನೆಯ ಕಾಗದ ತೆಗೆದು ತೋರಿಸಿದಳು! ಮೂವರೂ ಕೂಗಿಕೊಂಡ ರಭಸಕ್ಕೆ ಎದುರು ಸೀಟಿನ ಅಜ್ಜಿ ಬೆಚ್ಚಿಬಿದ್ದರು. ಅಜ್ಜಿ ಹಿಂದಿನ ದಿನ ಕೆಂಗಲ್ ಆಂಜನೇಯನಿಗೆ ಪೂಜೆ ಮಾಡಿಸಿಕೊಂಡು ಬಂದಿದ್ದರಂತೆ. ವಿಷಯ ತಿಳಿದು, "ಮೂರೂ ಜನುಕ್ಕೂ ಆಗ್ಲಿ ತಕ್ಕಳ್ರವ್ವ" ಎಂದು ನಸೀಮಾಳಿಗೂ ಸೇರಿಸಿ ಪ್ರಸಾದದ ಬಾಳೆಹಣ್ಣು ಕೊಟ್ಟರು. ನಾವು ಮೂವರೂ ಕಣ್ಣಿಗೊತ್ತಿಕೊಂಡು ತಿಂದೆವು.

ಬಿಡದಿಯಲ್ಲಿ ಇಳಿದವರು ತಟ್ಟೆ ಇಡ್ಲಿ ತಿನ್ನದೆ ಮುಂದಕ್ಕೆ ಹೋಗುವುದುಂಟೇ? ಒಂದೊಂದು ಇಡ್ಲಿ ಊಟದ ತಟ್ಟೆಯಗಲ, ಮೇಲೊಂದು ಬೆಣ್ಣೆ ಉಂಡೆ. ಭಾಗ್ಯ ಒಂದರಲ್ಲಿ ಅರ್ಧ ಬಿಟ್ಟಳು, ನಾನು ಅದನ್ನೂ ತಿಂದೆ. ಅಲ್ಲಿಂದ ಶೇರ್ ಆಟೋ, ತಲೆಗೆ ಮೂರು ರೂಪಾಯಿ. ಆಟೋದವನು ಗೇಟಿನ ಮುಂದೆ ಇಳಿಸಿ, "ನಿನ್ನೆ ಬಂದವ್ರನ್ನೂ ನಾನೇ ತಂದಿದ್ದು, ಅದ್ರಲ್ಲಿ ಐದ್ ಜನುಕ್ಕೆ ಆಯ್ತು" ಎಂದು ಧೈರ್ಯ ಹೇಳಿದ. ಒಳಗೆ ನಲವತ್ತು ಹೆಂಗಸರಿದ್ದರು. ಕನಕಪುರದ ಕಡೆಯವರೇ ಹೆಚ್ಚು.

ಮೊದಲು ಬೆರಳಿನ ಪರೀಕ್ಷೆ. ಹಲಗೆಯೊಂದರಲ್ಲಿ ಸಣ್ಣ ಸಣ್ಣ ತೂತು, ಪಕ್ಕದಲ್ಲಿ ಬಣ್ಣ ಬಣ್ಣದ ವೈರು. ಚಿತ್ರದಲ್ಲಿ ತೋರಿಸಿದ ಹಾಗೆ ಯಾವ ಬಣ್ಣ ಯಾವ ತೂತಿಗೋ ಅದಕ್ಕೆ ಸೇರಿಸಬೇಕು, ವೈರು ಬಾಗಬಾರದು, ಗಡಿಯಾರ ಓಡುತ್ತಿರುತ್ತದೆ. ಗೂಡು ಕಟ್ಟುವಷ್ಟು ಹಣ್ಣಾದ ಹುಳವನ್ನು ಸಾವಿರಗಟ್ಟಲೆ ಒಂದೊಂದಾಗಿ ಎತ್ತಿ, ನೋವಾಗದ ಹಾಗೆ ಬಿದಿರಿನ ಚಂದ್ರಿಕೆಗೆ ಬಿಟ್ಟ ಕೈ ಇದು. ಇದೇನು ಮಹಾ! ಗಡಿಯಾರ ನಿಲ್ಲುವುದಕ್ಕೆ ಮೊದಲೇ ಮುಗಿಸಿ ಕೈ ಕಟ್ಟಿ ಕೂತೆ. ಭಾಗ್ಯಳದೂ ಮುಗಿಯಿತು, ನಸೀಮಾಳದೂ ಮುಗಿಯಿತು. ನಲವತ್ತರಲ್ಲಿ ಹದಿನೈದು ಜನರನ್ನು ಒಂದು ಕಡೆ ನಿಲ್ಲಿಸಿದರು, ನಾವು ಮೂವರೂ ಅದರಲ್ಲಿದ್ದೆವು. ಭಾಗ್ಯ ನನ್ನ ಕೈಯನ್ನು ಎಷ್ಟು ಜೋರಾಗಿ ಹಿಸುಕಿದಳೆಂದರೆ ಬಳೆ ಚುಚ್ಚಿತು.

ಇಂಟರ್‌ವ್ಯೂ ನೋಡಿಕೊಳ್ಳುತ್ತಿದ್ದವರು ಸೌಮ್ಯಾ ಮೇಡಂ ಅಂತ. ಎತ್ತರದ ಹೆಂಗಸು, ಮುಖದಲ್ಲಿ ನಗು ಅಪರೂಪ. ಒಂದು ಹಾಳೆ ಹಿಡಿದು ನಿಯಮಗಳನ್ನು ಗಡಗಡ ಓದಿದರು. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಶೂ ಬಗ್ಗೆಯೂ ಏನೋ ಬಂತು. ನನ್ನ ಕಿವಿಯಲ್ಲಿ ಮಾತ್ರ 'ಹದಿನೈದರಲ್ಲಿ ನಾನೊಬ್ಬಳು, ಹದಿನೈದರಲ್ಲಿ ನಾನೊಬ್ಬಳು' ಎಂದು ತಮಟೆ ಬಡಿಯುತ್ತಿತ್ತು. "ಈಗ ಕೆಲಸ ನಡೆಯೋ ಫ್ಲೋರ್ ನೋಡ್ತೀರಿ. ಅಲ್ಲಿ ಹೇಗೆ ನಡ್ಕೋತೀರಿ ಅಂತ ನಾವು ನೋಡ್ತೀವಿ. ನಿಯಮ ಮೀರಿದವರು ಅಲ್ಲಿಂದಲೇ ಮನೆಗೆ" ಎಂದು ಹೇಳಿ ಅವರು ಮುಂದೆ ನಡೆದರು. ಅವರ ಹಿಂದೆ ಮೊದಲು ನಾನು, ನನ್ನ ಹಿಂದೆ ಭಾಗ್ಯ.

ಆ ಬಾಗಿಲನ್ನು ನಾನು ಇವತ್ತಿಗೂ ಮರೆತಿಲ್ಲ. ಪಕ್ಕದಲ್ಲಿ ಕೈ ತೊಳೆಯುವ ನಲ್ಲಿ. ಹೊಸಿಲಲ್ಲಿ ಒದ್ದೆ ಮ್ಯಾಟು, ಫಿನಾಯಿಲ್ ವಾಸನೆ. ಒಳಗೆ ಬೆಳ್ಳಗೆ ತೊಳೆದಿಟ್ಟ ನೆಲ, ಕಿಟಕಿಗೆಲ್ಲ ಜಾಲರಿ, ಸಾಲು ಸಾಲು ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ತಟ್ಟೆ. ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದ ಹೆಂಗಸರು. ಗಟ್ಟಿಯಾಗಿ ಒಂದು ಮಾತಿಲ್ಲ. ನಮ್ಮ ಹುಳದ ಮನೆ ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಹೊರಗಿನ ಧೂಳು ಒಳಗೆ ಹೋಯಿತೆಂದರೆ ರೋಗ ಹತ್ತಿ ಇಡೀ ಬೆಳೆ ಎರಡೇ ದಿನದಲ್ಲಿ ಕೊಳೆತು ಹೋಗುತ್ತದೆ. ಎಂಥ ದೊಡ್ಡ ಮನುಷ್ಯ ಬಂದರೂ ಮೆಟ್ಟು ಬಿಟ್ಟು, ಕೈಕಾಲು ತೊಳೆದೇ ಒಳಗೆ ಕಾಲಿಡಬೇಕು. ಅತ್ತೆ ನನ್ನನ್ನು ಮನೆ ತುಂಬಿಸಿಕೊಂಡ ದಿನ ಮೊದಲು ಹೇಳಿಕೊಟ್ಟದ್ದೇ ಅದು.

ನಾನು ಯೋಚನೆಯನ್ನೇ ಮಾಡಲಿಲ್ಲ. ಬಗ್ಗಿದೆ, ಶೂ ಬಿಚ್ಚಿದೆ, ಗೋಡೆ ಪಕ್ಕ ಜೋಡಿಸಿಟ್ಟೆ, ಕೈ ತೊಳೆದು ಬರಿಗಾಲಲ್ಲಿ ಒಳಗೆ ಹೋದೆ.

ಮೇಡಂ ಹತ್ತು ಹೆಜ್ಜೆ ನಡೆದು ತಿರುಗಿ ನೋಡಿದರು. ಅವರ ಕಣ್ಣು ನೆಲದ ಮೇಲೆ ನಿಂತಿತು. ನಾನೂ ಹಿಂದೆ ನೋಡಿದೆ. ಭಾಗ್ಯ ಬರಿಗಾಲು. ಅವಳ ಹಿಂದೆ ಕನಕಪುರದ ಐವರು, ಅವರೂ ಬರಿಗಾಲು. ಹೊಸಿಲ ಪಕ್ಕ ಏಳು ಜೊತೆ ಶೂ ಮದುವೆ ಮನೆಯ ಮುಂದೆ ಬಿಟ್ಟ ಹಾಗೆ ಸಾಲಾಗಿದ್ದವು. ನಸೀಮಾ ಮತ್ತು ಉಳಿದವರು ಶೂ ಹಾಕಿಕೊಂಡೇ ನಮ್ಮನ್ನು ಬೆರಗಾಗಿ ನೋಡುತ್ತಿದ್ದರು.

"ಏಳೂ ಜನ ಆಚೆ" ಎಂದರು ಮೇಡಂ. ಅಷ್ಟೇ. ಗದರಿಸಲೂ ಇಲ್ಲ.

ಅಯ್ಯೋ! ನನ್ನ ಕೆಲಸ ಹೋದದ್ದು ಒಂದು ಕಡೆ. ನನ್ನನ್ನು ನೋಡಿ ಬಿಚ್ಚಿದ ಹುಡುಗಿಯದೂ ಹೋಯಿತಲ್ಲ? ಅವಳ ಅಪ್ಪನಿಗೆ ನಾನೇನು ಹೇಳಲಿ? ಭಾಗ್ಯ ಆಗಲೇ ಬಾಗಿಲ ಕಡೆ ತಿರುಗಿದ್ದಳು. ಕನಕಪುರದವರು ಒಂದೂ ಮಾತಾಡದೆ, ತಲೆ ತಗ್ಗಿಸಿ ಶೂ ಎತ್ತಿಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಮೇಡಂ, ತೆಪ್ಪು ನಂದು. ಮುಂದೆ ಇದ್ದೋಳು ನಾನು, ನನ್ ನೋಡಿ ಇವ್ರೂ ಬಿಚ್ಚಿದ್ರು. ನನ್ನ ಬೇಕಾದ್ರೆ ಕಳ್ಸಿ, ಇವ್ರನ್ನ ಕಳುಸ್ಬ್ಯಾಡಿ" ಎಂದೆ.

"ಶೂ ಕಚ್ತಿತ್ತಾ?" ಮೇಡಂ ನನ್ನ ಕೆಂಪಾದ ಬೆರಳುಗಳನ್ನು ನೋಡಿ ಕೇಳಿದರು.

"ಕಚ್ಚೋದೇನೋ ಕಚ್ತಿತ್ತು. ಅದುಕ್ಕಲ್ಲ ಬಿಚ್ಚಿದ್ದು. ನಮ್ದು ಉಳದ್ ಮನೆ ಮೇಡಂ. ಇಂಗೇ ಇರ್ತದೆ, ಇದೇ ಥರ ತಟ್ಟೆ, ಇದೇ ಥರ ಬಾಗ್ಲು. ಮೆಟ್ಕೊಂಡು ಒಳೀಕೋದ್ರೆ ಉಳ ಸತ್ತೋಯ್ತವೆ. ನಿಮ್ಮ ಜಾಗ ಅಷ್ಟು ಚೊಕ್ಕಟವಾಗೈತೆ, ಮೆಟ್ಕೊಂಡು ಬರಕ್ಕೆ ಕಾಲೇ ಬರ್ಲಿಲ್ಲ."

ಮೇಡಂ ಒಮ್ಮೆ ಸ್ಟ್ಯಾಂಡಿನ ಮೇಲಿನ ತಟ್ಟೆಗಳನ್ನು, ಒಮ್ಮೆ ಬಾಗಿಲನ್ನು ನೋಡಿದರು. ಆಮೇಲೆ ಕನಕಪುರದವರ ಕಡೆ ತಿರುಗಿ, "ನಿಮ್ಮದೂ ಹುಳದ ಮನೇನಾ?" ಎಂದು ಕೇಳಿದರು. ಐವರೂ ಒಟ್ಟಿಗೆ ಹೂಂ ಎಂದರು. "ಆರು ಜನ ಶೂ ಹಾಕ್ಕೊಂಡು ಒಳಗೆ ಬನ್ನಿ. ಸಾವಿತ್ರಿ, ನೀವು ಗೇಟಿನ ಹತ್ರ ಇರಿ" ಎಂದರು.

ಗೇಟಿನ ಹತ್ತಿರ ಹೊಂಗೆ ಮರದ ಕೆಳಗೆ ಒಂದು ಕಲ್ಲು ಬೆಂಚಿತ್ತು. ಬಿಸಿಲು ಏರಿತ್ತು. ಕಾವಲಿನವರು ನೀರು ಕೊಟ್ಟರು, ಕುಡಿದೆ, ಆಮೇಲೆ ಅಳು ಬಂತು. ನಾಚಿಕೆ ಬಿಟ್ಟು ಅತ್ತೆ. ಎರಡು ಗಂಟೆಯ ಬಸ್ಸು ಹಿಡಿದು ಸುಮ್ಮನೆ ಊರಿಗೆ ಹೋಗಿಬಿಡೋಣ ಎನ್ನಿಸಿತು. ಭಾಗ್ಯಳನ್ನು ಕರೆತಂದವಳು ಬಿಟ್ಟು ಹೋಗುವ ಹಾಗಿರಲಿಲ್ಲ. ಕೂತೆ. ಇಷ್ಟು ದೂರ ಬಂದು, ಬೆರಳಲ್ಲಿ ಗೆದ್ದು ಕಾಲಲ್ಲಿ ಸೋತೆನಲ್ಲ ಎಂದು ನನಗೆ ನನ್ನ ಮೇಲೇ ಸಿಟ್ಟು.

ಸುಮಾರು ಒಂದು ಗಂಟೆಯ ಮೇಲೆ ಮೇಡಂ ತಾವೇ ಬಂದರು. ಕೈಯಲ್ಲಿ ದಪ್ಪ ರಿಜಿಸ್ಟರು. ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತರು.

"ಪ್ರತಿ ಬ್ಯಾಚಲ್ಲೂ ಹೀಗೇ ಆಗ್ತದೆ ಸಾವಿತ್ರಿ" ಎಂದರು. "ಬೆರಳಿನ ಟೆಸ್ಟಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿದವರೇ ಆ ಬಾಗಿಲಲ್ಲಿ ಶೂ ಬಿಚ್ಚಿಬಿಡ್ತಾರೆ. ಶೂ ಬಿಚ್ಚಬೇಡಿ ಅಂತ ಹೇಳಿದ ಮಾತು ಕೇಳದವರು ಅಂತ ನಾನು ವಾಪಸ್ ಕಳಿಸ್ತಿದ್ದೆ. ಯಾಕೆ ಬಿಚ್ಚಿದ್ರಿ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ತಲೆ ಬಗ್ಗಿಸ್ಕೊಂಡು ಹೊರಟುಹೋಗ್ತಿದ್ರು. ಬಾಯಿಬಿಟ್ಟು ಹೇಳಿದವರು ನೀವೇ ಮೊದಲು." ಆಮೇಲೆ, "ಎಷ್ಟು ಬೆಳೆ ತೆಗೆದಿದ್ದೀರಿ?" ಎಂದರು.

"ಮದ್ವೆ ಆಗಿ ಏಳ್ ವರ್ಷ ಮೇಡಂ. ವರ್ಷುಕ್ಕೆ ಐದು ಬೆಳೆ. ರೋಗ ಬಂದು ಒಂದೂ ಕೆಟ್ಟಿಲ್ಲ."

"ಅಷ್ಟು ವರ್ಷ ಒಂದು ದಿನವೂ ಮರೆಯದೆ ಚಪ್ಪಲಿ ಬಿಟ್ಟವರು, ಇಲ್ಲಿ ಒಂದು ದಿನವೂ ಮರೆಯದೆ ಹಾಕ್ಕೋತೀರಿ ಅಂತ ನನಗೆ ನಂಬಿಕೆ ಇದೆ. ಒಂದನೇ ತಾರೀಕು ಬನ್ನಿ" ಎಂದರು.

ನಾನು ಎದ್ದು ನಿಂತೆ. ಕೈ ಮುಗಿಯಲೋ, ಕಾಲಿಗೆ ಬೀಳಲೋ ತಿಳಿಯದೆ ಎರಡರ ಮಧ್ಯೆ ಏನೋ ಮಾಡಿದೆ. ಒಂದನೇ ತಾರೀಕಿಗೆ ಇನ್ನೂ ಹದಿನೈದು ದಿನವಿತ್ತು. ಅಷ್ಟರಲ್ಲಿ ಗೂಡು ಬಿಡಿಸಿ ಮಾರಿಯೂ ಆಗಿರುತ್ತದೆ! ಮೇಡಂ ರಿಜಿಸ್ಟರು ಬಿಚ್ಚಿ, ಹಿಂದಿನ ತಿಂಗಳುಗಳಲ್ಲಿ ವಾಪಸ್ ಕಳಿಸಿದವರ ಹೆಸರಿನ ಮೇಲೆ ಬೆರಳಾಡಿಸಿದರು. "ಇವರಲ್ಲಿ ನಿಮ್ಮ ಕಡೆಯವರು ಯಾರಾದ್ರೂ ಗೊತ್ತಿದ್ರೆ ಮತ್ತೆ ಬರೋಕೆ ಹೇಳಿ" ಎಂದರು. ನಾನು ಬಗ್ಗಿ ಓದಿದೆ. ಹದಿನೆಂಟು ಹೆಸರು. ಒಂಬತ್ತನೆಯದು ನಮ್ಮೂರಿನದೇ. ಜಯಂತಿ, ನಮ್ಮ ಬೀದಿಯ ಹುಡುಗಿ. ಅವಳು ಇಲ್ಲಿಗೆ ಬಂದಿದ್ದಳೆಂಬುದೇ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮಧ್ಯಾಹ್ನದ ಬ್ಯಾಚಿನವರು ಬಾಗಿಲ ಕಡೆ ಹೊರಟಿದ್ದರು. ಮೇಡಂ ನನ್ನನ್ನು ನೋಡಿ ಆ ಕಡೆ ಕೈ ತೋರಿಸಿದರು. ಓಡಿದೆ. ಮುಂದಿದ್ದವಳು ಆಗಲೇ ಬಗ್ಗಿ ಬಕಲ್ಲಿಗೆ ಕೈ ಹಾಕಿದ್ದಳು. "ಬಿಚ್ಚಬ್ಯಾಡ ಕಣವ್ವೋ! ಇಲ್ಲಿ ಉಳ ಇಲ್ಲ!" ಎಂದು ಕೂಗಿದೆ. ಅವಳು ತಟಕ್ಕನೆ ನೆಟ್ಟಗಾಗಿ, ಒಳಗೊಮ್ಮೆ ನೋಡಿ, ತನ್ನ ಕಾಲು ನೋಡಿಕೊಂಡು ನಾಲಗೆ ಕಚ್ಚಿಕೊಂಡಳು. ಹಿಂದಿನವರೆಲ್ಲ ಗೊಳ್ಳೆಂದು ನಕ್ಕರು. ಮೇಡಂ ನಕ್ಕದ್ದನ್ನು ನಾನು ಅವತ್ತು ಮೊದಲ ಸಲ ನೋಡಿದೆ.

ಭಾಗ್ಯಳಿಗೂ ಆಯಿತು, ನಸೀಮಾಳಿಗೂ ಆಯಿತು. ಸ್ಟೇಷನ್ನಿನ ಎದುರು ಮೂವರೂ ಕಬ್ಬಿನ ಹಾಲು ಕುಡಿದೆವು, ನಸೀಮಾ ತಾನೇ ದುಡ್ಡು ಕೊಡುತ್ತೇನೆಂದು ಹಠ ಹಿಡಿದು ಕೊಟ್ಟಳು. ಅವಳು ಮೈಸೂರಿನ ಬಸ್ಸು ಹತ್ತಿದಳು. ನಮಗೆ ಮಾಗಡಿಯ ನೇರ ಬಸ್ಸೇ ಸಿಕ್ಕಿತು, ರಿಪೇರಿಯಾಗಿ ಬಂದಿತ್ತು. ಭಾಗ್ಯ ಹೊರಟಾಗಿನಿಂದ ಇಳಿಯುವವರೆಗೆ ಒಂದೇ ಸಮ ಮಾತಾಡಿದಳು, ನಾನೇ ಕಿವಿ ಮುಚ್ಚಿಕೊಳ್ಳಬೇಕಾಯಿತು. ಶೂ ಅನ್ನು ಬಸ್ಸಿನಲ್ಲೇ ಬಿಚ್ಚಿ ಚೀಲಕ್ಕೆ ಹಾಕಿದ್ದೆ.

ಊರು ಸೇರಿದಾಗ ದೀಪ ಹಚ್ಚುವ ಹೊತ್ತು. ಹುಳ ಏಳುವುದಕ್ಕೆ ಇನ್ನೂ ಸಮಯವಿತ್ತು. ಮನೆಗೆ ಹೋಗದೆ ನೇರ ಜಯಂತಿಯ ಮನೆ ಮುಂದೆ ನಿಂತೆ. ಅವಳು ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

"ಜಯಂತಿ, ಬಿಡದೀಲಿ ನೀನು ಶೂ ಬಿಚ್ಚಿದ್ಯಾ?" ಎಂದೆ.

ಅವಳ ಕೈ ನಿಂತಿತು. "ನಿಂಗ್ಯಾರ್ ಏಳಿದ್ರು? ನಮ್ಮವ್ವಂಗೂ ನಾನು ಏಳಿಲ್ಲ ಅಕ್ಕ. ಏನ್ ಬಿಚ್ಚಿದ್ನೋ ಏನ್ ಬುಟ್ನೋ, ಆಚೆ ನಿಂತ್ಕೋ ಅಂದ್ರು, ಅಷ್ಟೇ. ಬೆರಳಿನ್ ಕೆಲ್ಸ ಇನ್ನೊಂದ್ಸಲ ನೋಡಿ ಐಬು ಕಂಡ್ರೇನೋ ಅಂದ್ಕೊಂಡೆ."

ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅವಳು ಕಣ್ಣು ಮಿಟುಕಿಸದೆ ಕೇಳಿದಳು.

"ಅಂಗಾರೆ ನನ್ ಕೈಯಲ್ಲಿ ಐಬಿರ್ಲಿಲ್ವಾ ಅಕ್ಕ?"

"ಇಲ್ಲ ಕಣೆ. ಎಲ್ಲಾರ್ಗಿಂತ ಚೆನ್ನಾಗ್ ಮಾಡಿದ್ದೋರೇ ಅಂತೆ ಆ ಬಾಗ್ಲಲ್ ಬಿಚ್ಚಿದ್ದೋರು."

ಜಯಂತಿ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ, ಒಳಕ್ಕೆ ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ "ಅವ್ವಾ, ಒಸಿ ಬಾ ಇಲ್ಲಿ" ಎಂದು ಕೂಗಿದಳು.